ಕಾವಲು ಗೋಪುರಕ್ಕೆ ನೀರು ಮುಟ್ಟಿಸಿದ್ದು ಹೀಗೆ

ಬೆಂಕಿ ಕಾವಲಿನ ಗೋಪುರದಲ್ಲಿ ಒಬ್ಬನೇ ಎರಡು ರಾತ್ರಿ ಇರೋದಾ? ಸಾಧ್ಯವೇ ಇಲ್ಲ, ನೀರಿಗೇ ಸೋಲ್ತೀಯ ಅಂದವರೇ ಎಲ್ಲ. ಈ ಸೀಸನ್‌ನಲ್ಲಿ ನಾನು ಐದು ಸಲ ಗುಡ್ಡ ಹತ್ತಿದ್ದೇನೆ, ನೀರು ಸಾಲದೆ ಒಂದು ಸಲವೂ ಇಳಿದಿಲ್ಲ. ಹೊಸನಗರದ ಕಡೆಯ ಗುಡ್ಡ. ದಾರಿ ಒಂಬತ್ತು ಕಿಲೋಮೀಟರ್, ಏರು 700 ಮೀಟರ್ ಆಸುಪಾಸು. ಇಲಾಖೆಯ ಅನುಮತಿ, ಟಾರ್ಚು, ವಾಕಿಟಾಕಿ ನಿಮಗೆ ಗೊತ್ತಿದ್ದದ್ದೇ.

ಮೊದಲ ಸೀಸನ್‌ನಲ್ಲಿ ಎಲ್ಲ ಒಂದೇ ಹೊರೆ. ಹನ್ನೆರಡು ಲೀಟರ್ ಅಂದರೆ ಹನ್ನೆರಡು ಕಿಲೋ, ಮಿಕ್ಕ ಸಾಮಾನು ಆರು ಕಿಲೋ. ತೂಕಕ್ಕೆ ಬೆವರು, ಬೆವರಿಗೆ ನೀರು: ಮೇಲೆ ಮುಟ್ಟುವಾಗ ನಾಲ್ಕು ಲೀಟರ್ ಹೊಟ್ಟೆ ಸೇರಿರುತ್ತಿತ್ತು. ಈಗ ವಾರ ಮೊದಲೇ ಐದೈದು ಲೀಟರ್‌ನ ಎರಡು ಕ್ಯಾನು ಆರನೇ ಕಿಲೋಮೀಟರ್‌ಗೆ ಸಾಗಿಸುತ್ತೇನೆ. ಕಾವಲಿನ ದಿನ ಬುಡದಿಂದ ಮೂರೂವರೆ ಲೀಟರ್ ಮಾತ್ರ. ಕೊನೆಯ ಮೂರು ಕಿಲೋಮೀಟರ್ ಭಾರ ಇದ್ದದ್ದೇ, ಆದರೆ ಅಷ್ಟು ಹೊತ್ತಿಗೆ ಕಾಲು ಪಳಗಿರುತ್ತದೆ.

ಕ್ಯಾನಿನ ಮೇಲೆ ಕಳೆದ ದುಡ್ಡು ಹೇಳಿದರೆ ನಗ್ತೀರಿ. ಗುಜರಿಯಲ್ಲಿ ಮೂವತ್ತು ರೂಪಾಯಿಗೆ ಸಿಕ್ಕ ಅಡುಗೆಎಣ್ಣೆ ಕ್ಯಾನು ಸೀಗೆಪುಡಿ ಹಾಕಿ ಮೂರು ಸಲ ತೊಳೆದರೂ ಕಮಟು ವಾಸನೆ ಬಿಡಲಿಲ್ಲ. ಹೊಸದು ತಂದೆ, ಜೋಡಿಗೆ ಮುನ್ನೂರರ ಹತ್ತಿರ. ಮರಕ್ಕೆ ಕಟ್ಟಿದ್ದನ್ನು ಮಂಗ ಮುಚ್ಚಳ ಕಡಿದು ಖಾಲಿ ಮಾಡಿತು. ಬಿಸಿಲಿಗೆ ಬಿಟ್ಟದ್ದು ಸೀಳಿತು. ಗುಡ್ಡದ ಮಡಿಲಿನ ದಟ್ಟ ಶೋಲಾ ಕಾಡಿನ ಅಂಚಲ್ಲಿ ದರಗಿನ, ಅಂದರೆ ಉದುರಿದ ಒಣಎಲೆಯ, ಕೆಳಗೆ ಮುಚ್ಚಿಟ್ಟೆ, ನೀರು ತಣ್ಣಗಿತ್ತು. ತೆಗೆಯಲು ಕೂತವನ ಪ್ಯಾಂಟಿನ ಮೇಲೆ ಮಾತ್ರ ರಕ್ತ ಹೀರುವ ಉಣುಗು ಸಾಲುಗಟ್ಟಿತ್ತು. 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಪತ್ತೆಯಾದ, ಈ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ, ಅದರ ಕಾಲವೂ ಬೆಂಕಿಯ ಕಾಲವೂ ಒಂದೇ. ದರಗಿನಲ್ಲಿ ಕೂರುವುದನ್ನೇ ಬಿಟ್ಟೆ. ಕಾಲುಚೀಲದೊಳಗೆ ಪ್ಯಾಂಟು, ಕೈಕಾಲಿಗೆ ಉಣುಗು ಓಡಿಸುವ ಡೆಪಾ ಎಣ್ಣೆ, ಇಳಿದ ಮೇಲೆ ಬಟ್ಟೆ ನೇರ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಈಗ ಕ್ಯಾನು ಇರೋದು ಬೋಳು ಬಂಡೆಯ ಕೆಳಗೆ, ಉತ್ತರದ ನೆರಳಲ್ಲಿ, ಬಾಯಿಗೆ ಚಪ್ಪಡಿ. ಯಾವ ಬಂಡೆ ಅಂತ ಕೇಳಬೇಡಿ.

ಬೆಂಕಿ ದಾಟದಿರಲಿ ಅಂತ ಹುಲ್ಲು ಸುಟ್ಟು ಬಿಡುವ ಪಟ್ಟಿಯೇ ಬೆಂಕಿರೇಖೆ. ಹೊಸದಾಗಿ ಸುಟ್ಟದ್ದು ನಡೆಯಲು ಸಲೀಸು ಅನಿಸುತ್ತದೆ. ಅಲ್ಲ. ಹುಲ್ಲಿನ ಕೂಳೆ ಮೊಳೆಯ ಹಾಗೆ ನಿಂತಿರುತ್ತದೆ, ತೆಳು ಅಟ್ಟೆಯ ಶೂ ಒಂದು ಇಳಿತಕ್ಕೇ ಹೋಯಿತು. ಇಳಿಯುವಾಗ ಬೂದಿಯ ಕೆಳಗಿನ ಜಲ್ಲಿ ಜಾರುತ್ತದೆ. ರೇಖೆಯ ಪಕ್ಕದ ಗುಡ್ಡದ ಬೆನ್ನು ಹಿಡಿದರೆ ಹತ್ತು ನಿಮಿಷ ಹೆಚ್ಚು, ಮಂಡಿ ಉಳಿಯುತ್ತದೆ. ಬೆನ್ನ ಮೇಲಾದರೆ ಕಾಟಿಯೂ (ಕಾಡುಕೋಣ) ದೂರದಿಂದಲೇ ಕಾಣುತ್ತದೆ. ಅದು ಸರಿಯುವ ತನಕ ನಿಲ್ಲಿ, ದಾಟಲು ಹೋಗಬೇಡಿ.

ಒಲೆ ಹೊತ್ತಿಸುವ ಮಾತೇ ಇಲ್ಲ, ಸುತ್ತ ಒಣಹುಲ್ಲು. ಮಜ್ಜಿಗೆ ಬಾಟಲಿ ಹುಳಿತು ಮುಚ್ಚಳ ಹಾರಿಸಿತು. ಒಣಗಿಸಿದ ಅಕ್ಕಿರೊಟ್ಟಿ, ಚಟ್ನಿಪುಡಿ, ಎರಡು ಮಿಡಿಮಾವಿನ ಉಪ್ಪಿನಕಾಯಿ, ಬೆಲ್ಲ ಸಾಕು. ಬೆವರಲ್ಲಿ ಹೋದ ಉಪ್ಪು ಮಿಡಿಯಿಂದಲೇ ವಾಪಸ್ಸು.

ಹೊಗೆ ಯಾವ ದಿಕ್ಕಿಗೆ ಅಂತ ಅಳೆಯಲು ಒಂದು ತಲೆಹರಟೆ ಪ್ರಯೋಗವೂ ಮಾಡಿದೆ. ಮೂವತ್ತು ಸೆಂಟಿಮೀಟರ್ ಅಗಲದ ಪ್ಲೈವುಡ್ ತಟ್ಟೆ, ಅಂಚಲ್ಲಿ ಡಿಗ್ರಿ ಗೀಟು, ನಡುವೆ ತಿರುಗುವ ಪಟ್ಟಿ, ಅದರ ಎರಡೂ ತುದಿಗೆ ಗುಂಡುಸೂಜಿ. ಸೂಜಿಯ ಸಾಲಿಗೆ ಹೊಗೆ ಹಿಡಿದು ಗೀಟು ಓದುವುದು. ಒಂದು ಡಿಗ್ರಿಗೆ ಎರಡೂವರೆ ಮಿಲಿಮೀಟರ್ ಚಿಲ್ಲರೆ, ಕಣ್ಣಿಗೆ ಸಿಗುತ್ತದೆ. ಹತ್ತು ಕಿಲೋಮೀಟರ್ ಆಚೆಯ ಹೊಗೆಗೆ ಒಂದು ಡಿಗ್ರಿ ತಪ್ಪಿದರೆ 175 ಮೀಟರ್ ತಪ್ಪು. ಇನ್ನೊಂದು ಗುಡ್ಡದವರ ಗೀಟೂ ಸಿಕ್ಕಿ ನಕ್ಷೆಯ ಮೇಲೆ ಎರಡೂ ಕೂಡಿದ ಕಡೆಯೇ ಬೆಂಕಿ. ತಟ್ಟೆಯನ್ನು ಸರಿ ದಿಕ್ಕಿಗೆ ಕೂರಿಸಲು ಗುರುತು 1343 ಮೀಟರ್‌ನ ಕೊಡಚಾದ್ರಿ ಬೆಟ್ಟ. ಹನ್ನೊಂದರ ನಂತರ ಮಬ್ಬು ಅದನ್ನು ನುಂಗುತ್ತದೆ, ಎಂಟರೊಳಗೆ ಸರಿಮಾಡಿ ತಿರುಪು ಬಿಗಿಮಾಡಿ. ತಿರುಪು ಕಬ್ಬಿಣದ್ದಾದರೂ ಪರವಾಗಿಲ್ಲ, ತಟ್ಟೆಯಲ್ಲಿ ದಿಕ್ಸೂಚಿ ಇಲ್ಲ.