ಫೈಲಿನ ಕೊನೆ ಹಾಳೆ ಮೊದಲು ನೋಡಿ: ಕೊಡಗಿನಲ್ಲಿ ಮಕ್ಕಳ ವಿಷಯ ಕೇಳೋದು ಹೇಗೆ

ಎಂಎ ಪ್ರಾಜೆಕ್ಟಿಗೋ ಪಿಎಚ್‌ಡಿಗೋ ಕೊಡಗಿಗೆ ಬಂದು, ಮಕ್ಕಳಾಗೋದು, ಆಗದೇ ಇರೋದು, ಮಕ್ಕಳು ಸಾಕು ಅಂತ ಮಾಡಿಸೋ ಆಪರೇಷನ್, ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕ್ಕೆ ಬಿಡೋ ಚಿಕಿತ್ಸೆ) ಇಂಥದ್ದನ್ನೆಲ್ಲ ಹೆಂಗಸರ ಹತ್ತಿರ ಕೇಳಬೇಕು ಅಂತ ಹೊರಟಿದ್ದೀರಾ? ಹಾಗಾದ್ರೆ ಮೊದಲು ಆ ಪ್ರಶ್ನೆಗಳ ಹಾಳೆಯನ್ನು ಬ್ಯಾಗಿನೊಳಗೆ ಇಡಿ. ನಾನು ವಿರಾಜಪೇಟೆ ಕಡೆಯವಳು. ಇದೇ ವಿಷಯ ಹಿಡಿದು ಮೂರು ವರ್ಷ ಮನೆ ಮನೆ ತಿರುಗಿದ್ದೇನೆ, ಅದರಲ್ಲಿ ಮೊದಲ ಆರು ತಿಂಗಳು ಬರೀ ತಪ್ಪೇ ಮಾಡಿದ್ದೇನೆ. ನಿಮಗೆ ಆ ಆರು ತಿಂಗಳಾದರೂ ಉಳಿಯಲಿ.

ಯಾವಾಗ ಬರಬೇಕು? ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಲೈನ್ ಮನೆಗಳಲ್ಲಿರೋ ತೋಟದ ಕೂಲಿಯವರಿಗೂ ಪುರುಸೊತ್ತಿಲ್ಲ, ತೋಟದ ಯಜಮಾನರಿಗೂ ಇಲ್ಲ. ಜೂನ್ ಜುಲೈನಲ್ಲಿ ಮಳೆ, ಕರೆಂಟ್ ಇರಲ್ಲ, ಬಸ್ಸನ್ನೂ ನಂಬೋ ಹಾಗಿಲ್ಲ. ಏಪ್ರಿಲ್, ಮೇ ಪೂರ್ತಿ ಮದುವೆ. ಸೆಪ್ಟೆಂಬರಿನ ಆಯುಧದ ಹಬ್ಬ ಕೈಲ್ ಪೊಳ್ದ್ ಮುಗಿದ ಮೇಲೆ, ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿವರೆಗೆ ಜನ ಸ್ವಲ್ಪ ಕೂತು ಮಾತಾಡ್ತಾರೆ, ಆಗ ಬನ್ನಿ.

ಯಾರ ಜೊತೆ ಹೋಗ್ತೀರಿ ಅನ್ನೋದು ಅದಕ್ಕಿಂತ ಮುಖ್ಯ. ಒಂದು ತೋಟಕ್ಕೆ ನಾನು ಅಲ್ಲಿನ ರೈಟರ್, ಅಂದ್ರೆ ಕೂಲಿಯವರ ಹಾಜರಿ ಬರೆಯೋ ಗುಮಾಸ್ತರ ಜೊತೆ ಹೋದೆ. ಒಳ್ಳೆ ಮನುಷ್ಯ, ಪಾಪ, ಎಲ್ಲರನ್ನೂ ಸಾಲಾಗಿ ಕೂರಿಸಿಕೊಟ್ಟರು. ಹನ್ನೊಂದು ಜನ ಹೆಂಗಸರು, ಹನ್ನೊಂದು ಜನರದ್ದೂ ಒಂದೇ ಉತ್ತರ: "ಎರಡು ಮಕ್ಕಳು, ಆಪರೇಷನ್ ಆಗಿದೆ, ಏನೂ ತೊಂದ್ರೆ ಇಲ್ಲ." ಹಾಜರಿ ಬರೆಯೋನು ಎದುರಿಗೆ ನಿಂತಿರುವಾಗ ಯಾರು ತಾನೇ ಹೊಟ್ಟೆನೋವಿನ ಮಾತು ತೆಗೀತಾರೆ? ಆಮೇಲೆ ಅಂಗನವಾಡಿ ಟೀಚರ್ ಪರಿಚಯ ಹಿಡಿದು, ಒಂದು ಭಾನುವಾರ ಸಂತೆ ಮುಗಿಸಿ ಆ ಹೆಂಗಸರು ವಾಪಸ್ ಬರೋ ಹೊತ್ತಿಗೆ ಹೋದೆ. ಅದೇ ಹನ್ನೊಂದರಲ್ಲಿ ಒಬ್ಬಳು ಮೀನು ತೊಳೆಯುತ್ತಾ, ತಲೆ ಎತ್ತದೇ ಹೇಳಿದಳು: "ಆಪರೇಷನ್ ಆಗಿ ಎಂಟನೇ ದಿನಕ್ಕೆ ಗೊಬ್ಬರ ಹೊರೋಕೆ ಹೋದೆ ಅಕ್ಕ, ಸೊಂಟ ಅವತ್ತಿಂದ ಹಿಂಗೇ." ಆಶಾ ಕಾರ್ಯಕರ್ತೆಯರ ಜೊತೆಗೂ ಹೋಗಬಹುದು, ಆದರೆ ಆಪರೇಷನ್ನಿಗೆ ಜನರನ್ನು ಒಪ್ಪಿಸಿದರೆ ಅವರಿಗೆ ಸರ್ಕಾರದಿಂದ ಪ್ರೋತ್ಸಾಹಧನ ಬರುತ್ತೆ ಅನ್ನೋದು ನೆನಪಿರಲಿ. ಅವರ ಪಕ್ಕ ಕೂತರೆ ನೀವೂ ಅದೇ ಕೆಲಸಕ್ಕೆ ಬಂದವರು ಅಂದುಕೊಳ್ತಾರೆ.

ಈ 'ಆಪರೇಷನ್' ಅನ್ನೋ ಪದವನ್ನೇ ಸ್ವಲ್ಪ ಗಮನಿಸಿ. ಯಾರದ್ದು ಅಂತ ಯಾರೂ ಹೇಳೋದೇ ಇಲ್ಲ, ಹೇಳೋ ಅಗತ್ಯವೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಮದುವೆಯಾದ 15ರಿಂದ 49 ವರ್ಷದ ಹೆಂಗಸರಲ್ಲಿ ಆಪರೇಷನ್ ಆದವರು ಶೇ. 37.9, ಗಂಡನಿಗೆ ಆಪರೇಷನ್ ಆಗಿದೆ ಅಂದವರು ಶೇ. 0.3. ಗಂಡಸಿನದ್ದೇ ಸುಲಭದ ಆಪರೇಷನ್, ಹೊಟ್ಟೆ ಮುಟ್ಟೋದೇ ಇಲ್ಲ. "ನಿಮ್ಮ ಮನೆಯಲ್ಲಿ ಅವರು ಮಾಡಿಸಿಕೊಳ್ಳೋ ಮಾತು ಬಂದಿತ್ತಾ?" ಅಂತ ಕೇಳಿ. ಹೆಚ್ಚಿನವರು ನಗ್ತಾರೆ. ಆ ನಗುವನ್ನೂ ಬರೆದುಕೊಳ್ಳಿ, ಯಾರು ಮೊದಲು ನಕ್ಕರು ಅನ್ನೋದನ್ನೂ.

ಪುಸ್ತಕದ ಪದಗಳನ್ನು ಬಿಟ್ಟುಬಿಡಿ. 'ಬಂಜೆತನ' ಅಂತ ಬಾಯಿ ತೆರೆದರೆ ಆ ಮನೆಯ ಕಾಫಿ ಅಲ್ಲಿಗೆ ಮುಗೀತು. ಗರ್ಭ ನಿಲ್ಲದಿದ್ದರೆ 'ಹೋಯ್ತು' ಅಂತಾರೆ, ತಾವೇ ಬೇಡ ಅಂದಿದ್ದಕ್ಕೆ 'ತೆಗೆಸಿದ್ದು', ಎರಡಕ್ಕೂ ನಡುವೆ 'ಕ್ಲೀನ್ ಮಾಡಿಸಿದ್ದು' ಅಂತ ಒಂದಿದೆ. ಅದು ಎರಡರಲ್ಲಿ ಯಾವುದು ಅಂತ ಕೆದಕಬೇಡಿ, ಹೇಳೋ ಮನಸ್ಸಿದ್ದರೆ ಅವರೇ ಹೇಳ್ತಾರೆ. ಕೊಡವರ ಮನೆಯಲ್ಲಿ ಅಡುಗೆಮನೆ ಮಾತು ಕೊಡವ ತಕ್ಕಿನಲ್ಲಿ, ಅಂದ್ರೆ ಕೊಡವ ಭಾಷೆಯಲ್ಲಿ, ಡಾಕ್ಟರ ಹತ್ತಿರ ಕನ್ನಡ, ರಿಪೋರ್ಟ್ ಇಂಗ್ಲಿಷಿನಲ್ಲಿ. ಒಂದೇ ಹೊಟ್ಟೆನೋವು ಮೂರು ಕಡೆ ಮೂರು ಥರ ಆಗುತ್ತೆ, ಯಾವ ಭಾಷೆಯಲ್ಲಿ ಕೇಳಿದ್ದು ಅಂತ ಪಕ್ಕದಲ್ಲಿ ಗುರುತು ಹಾಕಿ.

ತಾರೀಖು ಕೇಳಿದರೆ ಯಾರಿಗೂ ನೆನಪಿರಲ್ಲ. "2018ರ ಭೂಕುಸಿತಕ್ಕೆ ಮೊದಲಾ, ಆಮೇಲಾ? ಹೂಮಳೆ ಬಿದ್ದಿತ್ತಾ?" ಅಂತ ಕೇಳಿ ನೋಡಿ (ಹೂಮಳೆ ಅಂದ್ರೆ ಕಾಫಿ ಹೂ ಅರಳಿಸೋ ಬೇಸಿಗೆ ಮಳೆ), ತಿಂಗಳ ಸಮೇತ ಸಿಗುತ್ತೆ.

ಈಗ ತಲೆಬರಹದಲ್ಲಿ ಹೇಳಿದ ಫೈಲಿನ ಕಥೆ. ಪೊನ್ನಂಪೇಟೆ ಕಡೆ ಒಂದು ಮನೆ. ನಾನು ಸೊಸೆಯನ್ನು ಕೇಳೋದು, ಅತ್ತೆ ಉತ್ತರ ಹೇಳೋದು. "ನಮ್ಮ ಹುಡುಗನಿಗೆ ಏನೂ ಇಲ್ಲ, ಇವಳಿಗೇ ಏನೋ ನೀರುಗುಳ್ಳೆಯಂತೆ." ಮುಕ್ಕಾಲು ಗಂಟೆ ಹೀಗೇ. ಕತ್ತಲಾಗ್ತಾ ಬಂತು, ಅತ್ತೆ ಕೋಳಿ ಗೂಡಿಗೆ ಹಾಕೋಕೆ ಎದ್ದು ಹೋದರು. ಸೊಸೆ ಒಂದು ಮಾತೂ ಆಡದೇ ಒಳಗೆ ಹೋಗಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಫೈಲ್ ತಂದು ನನ್ನ ತೊಡೆ ಮೇಲಿಟ್ಟಳು. ತಿರುವಿದೆ. ಮೊದಲ ವರ್ಷ ಅವಳ ಸ್ಕ್ಯಾನ್, ಥೈರಾಯ್ಡ್, ಸಕ್ಕರೆ. ಎರಡನೇ ವರ್ಷ ಗರ್ಭನಾಳಕ್ಕೆ ಬಣ್ಣದ ಔಷಧಿ ಬಿಟ್ಟು ತೆಗೆದ ಎಕ್ಸ್‌ರೇ, ಆಮೇಲೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ನೋಡೋ ಲ್ಯಾಪ್ರೊಸ್ಕೋಪಿ, ಮಾತ್ರೆ ಚೀಟಿ, ಮತ್ತೆ ಸ್ಕ್ಯಾನ್, ಇನ್ನೊಂದು ಆಸ್ಪತ್ರೆ, ಮತ್ತೆ ಅವೇ ಟೆಸ್ಟು. ಎಲ್ಲದರ ಹಿಂದೆ, ಮೂರೂವರೆ ವರ್ಷ ಕಳೆದ ಮೇಲೆ, ಒಂದೇ ಒಂದು ಹಾಳೆ: ಗಂಡನ ವೀರ್ಯ ಪರೀಕ್ಷೆ. ಕೆಲವು ನೂರು ರೂಪಾಯಿಗೆ ಅವತ್ತೇ ರಿಪೋರ್ಟ್ ಸಿಗೋ ಟೆಸ್ಟು. ಅದರಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆ ಇತ್ತು. ಕೋಳಿ ಗೂಡಿನ ಬಾಗಿಲು ಹಾಕಿದ ಸದ್ದು ಕೇಳಿದ ಕೂಡಲೇ ಅವಳು ಫೈಲ್ ಎತ್ತಿಕೊಂಡು ಒಳಗೆ ಹೋದಳು.

ಆಮೇಲಿಂದ ನಾನು ಎಲ್ಲೇ ಹೋದರೂ ನೋಟ್‌ಬುಕ್ಕಿನಲ್ಲಿ ನಡುವೆ ಒಂದು ಗೆರೆ ಎಳೀತೇನೆ. ಎಡಗಡೆ ಅವಳ ಮೈ ಮೇಲೆ ಆದದ್ದು, ಬಲಗಡೆ ಅವನ ಮೈ ಮೇಲೆ ಆದದ್ದು, ವರ್ಷದ ಸಮೇತ. ಜೊತೆಗೆ ಯಾರು ಹೋಗಿದ್ದರು, ದುಡ್ಡು ಯಾರದ್ದು, ಯಾರ ಬಳೆ ಅಡ ಇಟ್ಟರು. ನೀವೂ ಹೀಗೇ ಮಾಡಿ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತೆ ಅಂತ ಡಾಕ್ಟರುಗಳೇ ಹೇಳ್ತಾರೆ, ಆದರೂ ಬಲಗಡೆ ಖಾಲಿ ಬಿದ್ದಿರುತ್ತೆ. ಇನ್ನೊಂದು ವಿಚಿತ್ರ ನೋಡಿ. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಬಿಡೋ ಇಕ್ಸಿ ಪದ್ಧತಿಯಲ್ಲಿ ಗರ್ಭ ನಿಂತ ಸುದ್ದಿ ಬೆಲ್ಜಿಯಂನಿಂದ ಬಂದದ್ದು 1992ರಲ್ಲಿ. ಅದು ಗಂಡಸಿನ ತೊಂದರೆಗೆ ಅಂತಲೇ ಬಂದ ಉಪಾಯ. ಆದರೆ ದಿನಾ ಹಾರ್ಮೋನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳೋದು, ಅರಿವಳಿಕೆ ಕೊಟ್ಟು ಅಂಡ ತೆಗೆಸಿಕೊಳ್ಳೋದು ಹೆಂಗಸೇ. ತೊಂದರೆ ಅವನದ್ದಾದರೂ ಎಡಗಡೆಯೇ ತುಂಬುತ್ತೆ. ಫೈಲ್ ಮಾತ್ರ ನೀವಾಗಿ ಕೇಳಬೇಡಿ, ಅವರೇ ಕೊಟ್ಟರೆ ನೋಡಿ, ಫೋಟೋ ಅಂತೂ ಹೊಡೀಬೇಡಿ.

ಗಂಡ ಮಿಲಿಟರಿಯಲ್ಲಿದ್ದರೆ ಒಂದು ಪ್ರಶ್ನೆ ಜಾಸ್ತಿ ಕೇಳಿ, ನಮ್ಮಲ್ಲಿ ಅಂಥ ಮನೆ ಬೇಕಾದಷ್ಟಿವೆ. ಒಂದು ವರ್ಷ ಜೊತೆಯಲ್ಲಿದ್ದೂ ಗರ್ಭ ನಿಲ್ಲದಿದ್ದರೆ ತೊಂದರೆ ಇದೆ ಅಂತ ವೈದ್ಯರ ಲೆಕ್ಕ. ಅವನು ವರ್ಷಕ್ಕೆ ಎರಡು ತಿಂಗಳು ರಜೆಗೆ ಬರೋನು. ಮದುವೆಯಾಗಿ ಮೂರು ವರ್ಷ ಅಂತ ಊರು ಎಣಿಸಿದರೂ ಅವರಿಬ್ಬರೂ ಜೊತೆಗಿದ್ದದ್ದು ಆರೇ ತಿಂಗಳು. ಊರಿನ ಲೆಕ್ಕ, ಡಾಕ್ಟರ ಲೆಕ್ಕ, ರಜೆ ಲೆಕ್ಕ ಮೂರನ್ನೂ ಬೇರೆ ಬೇರೆ ಬರೆಯಿರಿ.

ಹಳೆಯದನ್ನೂ ಸ್ವಲ್ಪ ಓದಿಕೊಂಡು ಬನ್ನಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ ಬರೆದದ್ದು 1952ರಲ್ಲೇ ಪುಸ್ತಕವಾಗಿ ಬಂತು. ಗಂಡು ಸಂತಾನ ಇಲ್ಲದ ಒಕ್ಕ (ಮನೆತನ) ನಿಂತು ಹೋಗಬಾರದು ಅಂತ ಮಗಳ ಮಕ್ಕಳನ್ನು ತಾಯಿಯ ಒಕ್ಕಕ್ಕೆ ಸೇರಿಸಿಕೊಳ್ಳೋ ಒಕ್ಕಪರಿಜೆ, ಮಕ್ಕಪರಿಜೆಯಂಥ ಮದುವೆಗಳು ನಮ್ಮಲ್ಲಿದ್ದವು. ಐವಿಎಫ್ ಬರೋ ಎಷ್ಟೋ ಮೊದಲೇ ಜನ ತಮ್ಮದೇ ದಾರಿ ಮಾಡಿಕೊಂಡಿದ್ದರು ಅಲ್ವಾ? ಮಾನವಶಾಸ್ತ್ರಜ್ಞೆ ಲೀಲಾ ದುಬೆ ಅವರು 1980ರ ದಶಕದಲ್ಲಿ ಬೀಜ-ಭೂಮಿ ಮಾತಿನ ಬಗ್ಗೆ ಬರೆದರು: ಬೀಜ ಗಂಡಿನದ್ದು, ಹೆಣ್ಣು ಬರೀ ಹೊಲ, ಹಾಗಾಗಿ ಬೆಳೆಯೂ ಅವನದ್ದೇ ಅನ್ನೋ ಲೆಕ್ಕಾಚಾರ. ಅದೆಲ್ಲ ಉತ್ತರ ಭಾರತದ ಕಡೆ ಮಾತು ಅಂದುಕೊಂಡಿದ್ದೆ. ಆಮೇಲೆ ಒಬ್ಬರು ಅಜ್ಜ ಜಗಲಿಯಲ್ಲಿ ಕೂತು, ಸೊಸೆಗೆ ಕೇಳಿಸೋ ಹಾಗೆ, "ಬೀಜ ಒಳ್ಳೇದೇ, ಗದ್ದೆ ಸರಿ ಇಲ್ಲ" ಅಂದರು.

ಅಂಕಿ ಅಂಶ ಬಳಸುವಾಗ ಹುಷಾರು. 2011ರ ಜನಗಣತಿಯಲ್ಲಿ ಕೊಡಗಿನಲ್ಲಿ ಸಾವಿರ ಗಂಡಸರಿಗೆ 1019 ಹೆಂಗಸರು. ಇದನ್ನು ನೋಡಿದ ಕೂಡಲೇ "ಇಲ್ಲಿ ಹೆಣ್ಣಿಗೆ ಒಳ್ಳೆ ಸ್ಥಾನ" ಅಂತ ಬರೆದುಬಿಡೋರಿದ್ದಾರೆ. ಬೆಂಗಳೂರಿಗೆ, ಸೈನ್ಯಕ್ಕೆ ಹೋದ ಗಂಡಸರು ಆ ಲೆಕ್ಕದಲ್ಲಿ ಇಲ್ಲ ಮಾರಾಯ್ರೆ.

ಕಾನೂನಿನ ವಿಷಯ ಬೇಗ ಹೇಳಿಬಿಡ್ತೇನೆ. ಸ್ಕ್ಯಾನಿನಲ್ಲಿ ಗಂಡೋ ಹೆಣ್ಣೋ ಹೇಳೋದು 1994ರ ಕಾಯ್ದೆ ಪ್ರಕಾರ ಅಪರಾಧ, ಆ ಪ್ರಶ್ನೆ ಕೇಳಿ ಯಾರನ್ನೂ ಸಿಕ್ಕಿಸಬೇಡಿ. ಐವಿಎಫ್ ಮತ್ತು ಬಾಡಿಗೆ ತಾಯ್ತನದ ಎರಡು ಕಾಯ್ದೆಗಳು 2021ರಲ್ಲಿ ಬಂದವು. ಐವಿಎಫ್‌ಗೆ ಹೆಂಗಸಿಗೆ 50, ಗಂಡಸಿಗೆ 55 ವರ್ಷದ ಮಿತಿ, ದುಡ್ಡಿಗೆ ಮಗು ಹೆತ್ತುಕೊಡೋದು ನಿಷೇಧ. ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬರೋವರೆಗೂ ಒಂದು ಮನೆಗೂ ಕಾಲಿಡಬೇಡಿ. ಲೈನ್ ಮನೆಗಳಲ್ಲಿ ಕಾಗದಕ್ಕೆ ಸಹಿ ಅಂದ್ರೆ ಭಯ, ಬಾಯಿಮಾತಿನ ಒಪ್ಪಿಗೆ ಸಾಕು ಅಂತ ಸಮಿತಿಯಿಂದ ಮೊದಲೇ ಬರೆಸಿಕೊಳ್ಳಿ.

ಹೆಸರು ಬದಲಾಯಿಸಿದರೆ ಗುಟ್ಟು ಉಳಿಯುತ್ತೆ ಅಂದುಕೊಳ್ಳಬೇಡಿ. ಕೊಡಗು ಚಿಕ್ಕದು. ಮನೆತನದ ಹೆಸರು, ಊರು, ತೋಟ ಎಷ್ಟು ಎಕರೆ, ಗಂಡ ಯಾವ ರೆಜಿಮೆಂಟ್, ಎಲ್ಲವನ್ನೂ ಬದಲಾಯಿಸಬೇಕು. ನಾನು ಬರೆದ ಒಂದು ಅಧ್ಯಾಯವನ್ನು ಪರಿಚಯದ ಅಕ್ಕ ಒಬ್ಬರಿಗೆ ಓದೋಕೆ ಕೊಟ್ಟಿದ್ದೆ. ಎರಡನೇ ಪುಟಕ್ಕೇ ತಲೆ ಎತ್ತಿ, "ಇದು ಆ ಚಕ್ಕೋತ ಮರದ ಮನೆಯವರು ಅಲ್ವಾ?" ಅಂದರು. ಅಂಗಳದ ಮರ ಒಂದನ್ನು ಹಾಗೇ ಬಿಟ್ಟುಬಿಟ್ಟಿದ್ದೆ. ಅವತ್ತು ರಾತ್ರಿಯೇ ಕೂತು ಅದನ್ನೂ ಕಡಿದು ಹಾಕಿದೆ.