ಕೊನೆಯ 40 ದಿನ ಮುಖಕ್ಕೆ ಹೊಸದೇನನ್ನೂ ಹಚ್ಚಲಿಲ್ಲ

"ಮದುವೆ ಹತ್ತಿರ ಬಂದಾಗ ಫೇಶಿಯಲ್ ನಿಲ್ಲಿಸುವವರುಂಟೇ? ಅದೂ ಪಾರ್ಲರ್ ನಡೆಸುವ ನೀನು?" ಎಂದು ನನ್ನ ಜೊತೆ ಕೆಲಸ ಕಲಿತ ಗೆಳತಿಯರಿಬ್ಬರೂ ಕೇಳಿದ್ದರು. ಮದುವೆ ಮುಗಿದು ಮೂರು ತಿಂಗಳಾಯಿತು. ಅವರಲ್ಲಿ ಒಬ್ಬಳು ಈಗ ತನ್ನಲ್ಲಿಗೆ ಬರುವ ವಧುಗಳಿಗೂ ಇದನ್ನೇ ಹೇಳುತ್ತಿದ್ದಾಳೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ನಿಶ್ಚಿತಾರ್ಥಕ್ಕೆ ಮೂರು ದಿನ ಇರುವಾಗ ಒಂದು ಕ್ಲಿನಿಕ್‌ನಲ್ಲಿ ಗ್ಲೈಕಾಲಿಕ್ ಪೀಲ್, ಅಂದರೆ ಆಮ್ಲ ಹಚ್ಚಿ ಚರ್ಮದ ಮೇಲ್ಪದರ ತೆಗೆಯುವ ಚಿಕಿತ್ಸೆ, ಮಾಡಿಸಿಕೊಂಡೆ. ರಾತ್ರಿ ಹಚ್ಚುತ್ತಿದ್ದ ರೆಟಿನಾಲ್ (ಚರ್ಮವನ್ನು ಸೂಕ್ಷ್ಮಗೊಳಿಸುವ ವಿಟಮಿನ್ ಎ ಬಗೆಯ ಕ್ರೀಮ್) ಅನ್ನು ನಿಲ್ಲಿಸಿರಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮರುದಿನ ಬಾಯಿಯ ಎರಡೂ ಬದಿ ಕೆಂಪಾಯಿತು. ಸಮಾರಂಭದ ಬೆಳಿಗ್ಗೆ ಅಲ್ಲೆಲ್ಲ ಚರ್ಮ ಸುಲಿಯುತ್ತಿತ್ತು. ಅಂಥ ಚರ್ಮದ ಮೇಲೆ ಫೌಂಡೇಶನ್ ಹೇಗೆ ಕೂರುತ್ತದೆ ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಆರು ಸಲದ ಪ್ಯಾಕೇಜಿಗೆ ಪೂರ್ತಿ ಹಣ ಕಟ್ಟಿದ್ದೆ, ಉಳಿದ ಐದರ ಹಣ ಹಿಂದಕ್ಕೆ ಬರಲಿಲ್ಲ. ಅದಕ್ಕೂ ಮೊದಲು, ಚರ್ಮಕ್ಕೆ ಒಳ್ಳೆಯದೆಂದು ಮಾರುವ ಕೆಂಪು ಬೆಳಕಿನ ಮುಖವಾಡವೊಂದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳ ಸಂಪಾದನೆ ಸುರಿದಿದ್ದೆ, ನಾಲ್ಕು ಸಲ ಹಾಕಿಕೊಂಡು ಮೂಲೆಗಿಟ್ಟೆ. ಅಲಂಕಾರಕ್ಕೆಂದು ಎತ್ತಿಟ್ಟಿದ್ದ ಹಣದಲ್ಲಿ ಸುಮಾರು ಅರ್ಧ ಹೀಗೆಯೇ ಕರಗಿತು. ಆ ರಾತ್ರಿ ಅತ್ತದ್ದು ಮುಖಕ್ಕಾಗಿಯೋ ಹಣಕ್ಕಾಗಿಯೋ, ಇವತ್ತಿಗೂ ಹೇಳಲಾರೆ.

ಅಂದೇ ತೀರ್ಮಾನಿಸಿದೆ: ಮದುವೆಗೆ 40 ದಿನ ಉಳಿದ ಮೇಲೆ ಹೊಸ ಕ್ರೀಮ್ ಇಲ್ಲ, ಹೊಸ ಚಿಕಿತ್ಸೆ ಇಲ್ಲ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಆ ಲೆಕ್ಕಕ್ಕೆ ಹತ್ತು ಹನ್ನೆರಡು ದಿನ ಹೆಚ್ಚಿಗೆ ಸೇರಿಸಿಕೊಂಡೆ. ಸೌಮ್ಯವಾದ ಫೇಸ್‌ವಾಶ್, ಮೊದಲಿನಿಂದ ಒಗ್ಗಿದ್ದ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್, ಇಷ್ಟೇ. ಸನ್‌ಸ್ಕ್ರೀನ್ ಮಾತ್ರ ಕೈಬಿಗಿ ಮಾಡದೆ ಎರಡು ಬೆರಳಿನ ಉದ್ದಕ್ಕೆ ತೆಗೆದುಕೊಂಡು ಮುಖ, ಕುತ್ತಿಗೆಗೆ ಹಚ್ಚುತ್ತಿದ್ದೆ. ಆಮೇಲಿನ ಖರ್ಚಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತು.

ಮೊದಲಿನಿಂದ ಹಚ್ಚುತ್ತಿದ್ದ ರೆಟಿನಾಲ್ ಅನ್ನೂ ವ್ಯಾಕ್ಸಿಂಗ್‌ಗೆ ಹತ್ತು ದಿನ ಮೊದಲೇ ಬಿಟ್ಟೆ. ಹಾಗೆ ಬಿಡದೆ ಬಂದ ಒಬ್ಬ ವಧುವಿನ ಮೇಲ್ತುಟಿಯ ಚರ್ಮ ವ್ಯಾಕ್ಸ್ ಜೊತೆಗೇ ಎದ್ದು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೂದಲಿನ ಬಣ್ಣ ಎರಡು ವಾರ ಮೊದಲು, ಅದೂ ಅಲರ್ಜಿ ಆಗುತ್ತದೋ ನೋಡಲು ಕಿವಿಯ ಹಿಂದೆ ಹಚ್ಚಿ 48 ಗಂಟೆ ಕಾದ ಮೇಲೆ. ಹುಬ್ಬು ಮೂರು ದಿನ ಮೊದಲು.

ಒಂಬತ್ತು ದಿನ ಉಳಿದಿರುವಾಗ ಗಲ್ಲದ ಮೇಲೆ ದೊಡ್ಡ ಮೊಡವೆ ಬಂತು. ಮೊಡವೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡರೆ ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದು ಅತ್ತಿಗೆ ಒತ್ತಾಯಿಸಿದರು. ಇಳಿಯುವುದು ನಿಜ. ಆದರೆ ಕೆಲವೊಮ್ಮೆ ಆ ಜಾಗದಲ್ಲಿ ಸಣ್ಣ ಗುಳಿ ಬಿದ್ದು, ತುಂಬಲು ವಾರಗಳೋ ತಿಂಗಳುಗಳೋ ಬೇಕಾಗುತ್ತವೆ. "ಅತ್ತಿಗೆ, ಉಬ್ಬನ್ನು ಬಣ್ಣದಿಂದ ಮರೆಸಬಲ್ಲೆ, ಗುಳಿಯನ್ನು ಮರೆಸಲಾರೆ" ಎಂದೆ. ಹಿಂಡಲಿಲ್ಲ. ಹೈಡ್ರೊಕೊಲಾಯ್ಡ್ ಪ್ಯಾಚ್ (ಮೊಡವೆಯ ದ್ರವ ಹೀರಿಕೊಳ್ಳುವ ಸಣ್ಣ ಪಟ್ಟಿ) ಅಂಟಿಸಿ, ಕೈ ತಾಗಿಸದೆ ಬಿಟ್ಟೆ. ಐದಾರು ದಿನಕ್ಕೆ ಕಂದು ಚುಕ್ಕೆಯಷ್ಟೇ ಉಳಿಯಿತು.

ಸುಮ್ಮನಿರಲಾಗದ ಕೈಗಳಿಗೆ ಬೇರೆ ಕೆಲಸ ಕೊಟ್ಟೆ. ಪ್ರತಿ ಭಾನುವಾರ, ಮೊದಲೇ ಬಳಸಿ ಒಗ್ಗಿದ್ದ ಎರಡು ಬಗೆಯ ಬೇಸ್ (ಮೇಕಪ್‌ನ ತಳಪದರ) ಅನ್ನು ಮುಖದ ಎಡಕ್ಕೊಂದು, ಬಲಕ್ಕೊಂದು ಹಚ್ಚಿ, 20 ಸಲ ಮೆಟ್ಟಿಲು ಹತ್ತಿಳಿದು, ಕತ್ತಲೆ ಕೋಣೆಯಲ್ಲಿ ಫ್ಲ್ಯಾಶ್ ಹಾಕಿ ಫೋಟೊ ತೆಗೆಯುತ್ತಿದ್ದೆ. ಸಿಲಿಕಾ ಪುಡಿ ಹೆಚ್ಚಾದ ಬದಿ ಕನ್ನಡಿಯಲ್ಲಿ ಚೆಂದ ಕಂಡರೂ ಫ್ಲ್ಯಾಶಿಗೆ ಬೂದಿ ಬಳಿದಂತೆ ಬೆಳ್ಳಗೆ ಹೊಳೆಯಿತು. ಮೂರನೆಯ ಭಾನುವಾರ ಸರಿಯಾದ ಜೋಡಿ ಸಿಕ್ಕಿತು. ಯಾವುದರ ಮೇಲೆ ಯಾವುದು, ನಡುವೆ ಎಷ್ಟು ನಿಮಿಷ ಬಿಡಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನದ ಪ್ರಶ್ನೆ. ಮಸ್ಕರಾ ಪರೀಕ್ಷಿಸಲು ಕಣ್ಣಿಗೆ ಕೃತಕ ಕಣ್ಣೀರಿನ ಹನಿ ಹಾಕಿಕೊಂಡೆ. ವಾಟರ್‌ಪ್ರೂಫ್ ಎಂದು ಬರೆದಿದ್ದ ನಾಲ್ಕರಲ್ಲಿ ಉಳಿದದ್ದು ಒಂದೇ.

ಮುಖಕ್ಕಿಂತ ಮನಸ್ಸನ್ನು ಹದಕ್ಕೆ ತರುವುದೇ ಹೆಚ್ಚು ಕಷ್ಟವಾಯಿತು. ಧ್ಯಾನಕ್ಕೆ ಕುಳಿತರೆ ಪಟ್ಟಿಗಳೇ ಕಣ್ಣ ಮುಂದೆ ಬರುತ್ತಿದ್ದವು. ನಾಲ್ಕನೆಯ ದಿನ ಬಿಟ್ಟುಬಿಟ್ಟೆ. ಕೆಲಸಕ್ಕೆ ಬಂದದ್ದು ಒಂದು ನೋಟ್‌ಬುಕ್. ಸಂಜೆ 15 ನಿಮಿಷ ಕುಳಿತು ಆ ದಿನದ ಚಿಂತೆಗಳನ್ನೆಲ್ಲ ಬರೆಯುವುದು, ಎದುರಿಗೆ ಅದನ್ನು ಯಾರು, ಯಾವತ್ತು ಮಾಡುತ್ತಾರೆ ಎಂದು ಬರೆಯುವುದು. ರಾತ್ರಿ ಮತ್ತೆ ಚಿಂತೆ ಎದ್ದರೆ, ನಾಳೆ ಸಂಜೆಗೆ ಎಂದು ಮುಂದೂಡುತ್ತಿದ್ದೆ. ಮೊದಲ ವಾರ ಪುಟ ತುಂಬುತ್ತಿತ್ತು, ಕೊನೆಯ ವಾರ ನಾಲ್ಕೈದು ಸಾಲಿಗೆ ಇಳಿಯಿತು. ಎದೆ ಹೊಡೆದುಕೊಂಡಾಗ ನಾಲ್ಕು ಎಣಿಸುತ್ತ ಉಸಿರು ಎಳೆದು, ಎಂಟು ಎಣಿಸುತ್ತ ಬಿಡುವುದು. ಹತ್ತು ಸಲಕ್ಕೆ ಕೈ ನಡುಕ ನಿಲ್ಲುತ್ತಿತ್ತು.

ಮದುವೆಯ ಹಿಂದಿನ ರಾತ್ರಿ ನಿದ್ದೆ ಬಾರದೆಂದು ಗೊತ್ತಿತ್ತು. ಅದಕ್ಕೇ ಅದರ ಹಿಂದಿನ ಆರು ದಿನ ಒಂದು ಗಂಟೆ ಬೇಗ ಮಲಗಿದೆ. ಕೊನೆಯ ಎರಡು ದಿನ ಮೊಬೈಲ್ ತಮ್ಮನ ಕೈಗೆ ಹೋಯಿತು. ಕರೆಗಳಿಗೆ ಉತ್ತರ ಕೊಡುವುದೂ, ಬಾಕಿ ಹಣ ಕೊಡುವುದೂ ಅವನದೇ. ಅದಕ್ಕಾಗಿ ಅವನ ಜೊತೆ ಮಾಡಿಕೊಂಡ ಒಪ್ಪಂದ ನಮ್ಮಿಬ್ಬರ ನಡುವೆಯೇ ಇರಲಿ.

ಮದುವೆಯ ಹಿಂದಿನ ರಾತ್ರಿ ನಾಲ್ಕು ಗಂಟೆಯಷ್ಟೇ ನಿದ್ದೆ ಬಂತು. ಆದರೂ ಕಣ್ಣಡಿ ಊದಿರಲಿಲ್ಲ. ನನ್ನ ಮೇಕಪ್ ನಾನೇ ಮಾಡಿಕೊಂಡೆ, ಸಹಾಯಕಿ ಕೂದಲು ಕಟ್ಟಿದಳು. ಎರಡು ಗಂಟೆ ಇಟ್ಟುಕೊಂಡಿದ್ದೆವು, ಒಂದೂಕಾಲು ಗಂಟೆಗೆ ಮುಗಿಯಿತು. ಉಳಿದ ಹೊತ್ತು ಬಾಗಿಲು ಹಾಕಿಕೊಂಡು ಅಕ್ಕನ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದೆ. ಬೇಸ್ ಒಂಬತ್ತು ಗಂಟೆ ನಿಂತಿತು, ಮೂಗಿನ ಪಕ್ಕದಲ್ಲಿ ಎರಡು ಸಲ ಟಿಶ್ಯೂ ಒತ್ತಿದ್ದಷ್ಟೇ. ಗಲ್ಲದ ಆ ಚುಕ್ಕೆ ಒಂದು ಫೋಟೊದಲ್ಲೂ ಇಲ್ಲ, ಹುಡುಕಿ ನೋಡಿದ್ದೇನೆ.