ಕೊಂಬೆಗೆ ಕೊಂಬೆ ತಾಗಿಸುವ ಕೆಲಸ: ಬೆಂಗಳೂರಿನ ಕಾಡುಪಾಪಗಳಿಗಾಗಿ ನಾವು ಮಾಡಿದ್ದು

ಬೆಂಗಳೂರಿನಲ್ಲಿ ಕಾಡುಪಾಪ (ಸ್ಲೆಂಡರ್ ಲೋರಿಸ್) ಇನ್ನೂ ಉಳಿದಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಂಥ ದೊಡ್ಡ ಕ್ಯಾಂಪಸ್‌ಗಳಲ್ಲಿ ರಾತ್ರಿ ಹೊತ್ತು ಕಾಣಸಿಗುತ್ತದೆ. ಆದರೆ ಮರಗಳಿದ್ದರೆ ಸಾಕು ಅನ್ನುವ ಲೆಕ್ಕ ಈ ಪ್ರಾಣಿಗೆ ಹೊಂದುವುದಿಲ್ಲ, ಏಕೆಂದರೆ ಅದು ನೆಗೆಯುವುದೇ ಇಲ್ಲ. ಹಿಂಗಾಲಲ್ಲಿ ಒಂದು ರೆಂಬೆಯನ್ನು ಬಿಗಿಯಾಗಿ ಹಿಡಿದು, ಮೈ ಚಾಚಿ, ಮುಂಗೈಗೆ ಇನ್ನೊಂದು ಸಿಕ್ಕ ಮೇಲಷ್ಟೇ ಹಿಂದಿನದನ್ನು ಬಿಡುತ್ತದೆ. ಅದರ ಮೈಯುದ್ದ ಸುಮಾರು ಒಂದು ಗೇಣು, ತೂಕ ಕಾಲು ಕಿಲೋದ ಆಸುಪಾಸು. ಅಳಿಲು ಲೀಲಾಜಾಲವಾಗಿ ಹಾರಿ ದಾಟುವ ಒಂದು ಮೀಟರ್ ಕಂಡಿ ಇದಕ್ಕೆ ಗೋಡೆಯೇ ಸರಿ. ದಾಟಲೇಬೇಕಾದರೆ ನೆಲಕ್ಕಿಳಿಯಬೇಕು, ಅಲ್ಲಿ ನಾಯಿ, ಬೆಕ್ಕು, ವಾಹನ. ಇಲ್ಲವೇ ಕರೆಂಟ್ ತಂತಿ ಹಿಡಿಯಬೇಕು.

ಮೊದಲ ಕೆಲಸ, ಪ್ರಾಣಿ ಎಲ್ಲೆಲ್ಲಿದೆ ಎಂದು ತಿಳಿಯುವುದು. ಸಂಜೆ ಏಳರ ನಂತರ, ಹಣೆಗೆ ಕಟ್ಟುವ ಟಾರ್ಚಿಗೆ ಕೆಂಪು ಸೆಲ್ಲೋಫೇನ್ ಕಾಗದ ಸುತ್ತಿ, ಗಂಟೆಗೆ ಒಂದು ಕಿಲೋಮೀಟರ್ ಮೀರದಂತೆ ನಡೆಯುತ್ತೇವೆ. ಟಾರ್ಚ್ ಕೈಯಲ್ಲಿದ್ದರೆ ಆಗದು. ಬೆಳಕು ನಮ್ಮ ಕಣ್ಣಿನ ಮಟ್ಟದಲ್ಲಿದ್ದರೇ ಪ್ರಾಣಿಯ ಕಣ್ಣಿನ ಹೊಳಪು ನಮಗೆ ಮರಳಿ ಬರುವುದು. ಕಾಡುಪಾಪದ ಎರಡೂ ಕಣ್ಣು ಒಟ್ಟಿಗೆ, ಕಿತ್ತಳೆಗೆಂಪಾಗಿ ಹೊಳೆಯುತ್ತವೆ. ತೊಗಲುಬಾವಲಿಯ ಕಣ್ಣೂ ಹೀಗೇ ಹೊಳೆದು ಮೋಸ ಮಾಡುತ್ತದೆ, ಆದರೆ ಅದು ತಲೆಕೆಳಗಾಗಿ ನೇತಾಡುತ್ತದೆ. ಕಾಡುಪಾಪ ಮುಖ ತಿರುಗಿಸಿದರೆ ಹೊಳಪು ಮಾಯ. ಕಂಡ ಜಾಗ ಬಿಡದೆ ಐದು ನಿಮಿಷ ಕಾಯುವುದು ಒಳ್ಳೆಯದು. ಮೇಲಿನ ಹಸಿರನ್ನೇ ನೋಡುತ್ತಾ ಹೋಗುವವರು ಮುಳ್ಳುಪೊದೆಗಳಲ್ಲಿ, ಆಳೆತ್ತರದಲ್ಲೇ ಹುಳ ಹಿಡಿಯುತ್ತಿರುವುದನ್ನು ಬಿಟ್ಟುಬಿಡುತ್ತಾರೆ.

ಕಂಡಿಗಳ ನಕ್ಷೆ ಹಗಲಿನ ಕೆಲಸ. ಇದಕ್ಕೆ ಫೆಬ್ರವರಿ ಸೂಕ್ತ. ಎಲೆ ತುಂಬಿದ ಮರಗಳು ತಾಗಿದಂತೆ ಕಂಡರೂ ಎಲೆ ಭಾರ ಹೊರುವುದಿಲ್ಲ. ಎಲೆ ಉದುರಿದಾಗ ರೆಂಬೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಗೊತ್ತಾಗುತ್ತದೆ. ಎರಡು ರೆಂಬೆ ತುದಿಗಳ ನೇರ ಕೆಳಗೆ ನೆಲದಲ್ಲಿ ಗುರುತು ಹಾಕಿ ಟೇಪ್ ಹಿಡಿಯುತ್ತೇವೆ. ಅಷ್ಟಕ್ಕೇ ನಿಲ್ಲಿಸಬಾರದು. ಕೆಳಗಿನಿಂದ ಒಂದರ ಮೇಲೊಂದು ಬಂದಂತೆ ಕಾಣುವ ರೆಂಬೆಗಳ ನಡುವೆ ಎತ್ತರದಲ್ಲಿ ಎರಡು ಮೀಟರ್ ಅಂತರ ಇರಬಹುದು, ಹಾಗಾಗಿ ಪಕ್ಕದಿಂದಲೂ ದುರ್ಬೀನಿನಲ್ಲಿ ನೋಡಬೇಕು. ತಾಗಿದ್ದು, ಅರ್ಧ ಮೀಟರ್ ಒಳಗಿನದು, ಅದಕ್ಕಿಂತ ದೊಡ್ಡದು ಎಂದು ಮೂರು ಬಣ್ಣ ಸಾಕು. ಎಲ್ಲ ಕಂಡಿಗಳನ್ನೂ ಮುಚ್ಚಲು ಹೋದರೆ ಹಣವೂ ಸಾಲದು, ಮನುಷ್ಯರೂ ಸಾಲರು. ಒಂದು ಕಂಡಿ ಮುಚ್ಚಿದರೆ ಎರಡು ದೊಡ್ಡ ತೋಪುಗಳು ಸೇರುವಂತಿದ್ದರೆ ಅದು ಮೊದಲು. ಹುಲ್ಲುಹಾಸಿನ ನಡುವೆ ಒಂಟಿಯಾಗಿ ನಿಂತ ಮರಕ್ಕೆ ದಾರಿ ಮಾಡಿ ಫಲವಿಲ್ಲ.

ನಕ್ಷೆ ಕೈಯಲ್ಲಿದ್ದರೆ ಅತಿ ಅಗ್ಗದ ಕೆಲಸವೆಂದರೆ ಈಗಾಗಲೇ ತಾಗಿರುವುದನ್ನು ಕಡಿಯದಂತೆ ನೋಡಿಕೊಳ್ಳುವುದು. ಮುಂಗಾರಿಗೆ ಮೊದಲು, ಏಪ್ರಿಲ್–ಮೇ ಹೊತ್ತಿಗೆ, ಕೊಂಬೆ ಸವರುವ ತಂಡಗಳು ಬರುತ್ತವೆ. ‘ರಸ್ತೆ ಮೇಲೆ ಬಂದದ್ದೆಲ್ಲ ತೆಗೆಯಿರಿ’ ಎಂಬ ಒಂದೇ ಸೂಚನೆ ಇದ್ದರೆ ಒಂದು ಮಧ್ಯಾಹ್ನದಲ್ಲಿ ಹತ್ತು ವರ್ಷದ ದಾರಿ ಹೋಗುತ್ತದೆ. ಉಳಿಸಬೇಕಾದ ಕೊಂಬೆಯ ಬುಡಕ್ಕೆ ಮೊದಲೇ ಹಳದಿ ಪಟ್ಟಿ ಕಟ್ಟಿ, ಕಡಿಯುವ ದಿನ ನಮ್ಮವರೊಬ್ಬರು ಅಲ್ಲೇ ನಿಲ್ಲುತ್ತೇವೆ. ಕಾಗದದ ಮೇಲಿನ ನಕ್ಷೆ ಕೊಡಲಿಯವರ ಕೈಗೆ ತಲುಪುವುದಿಲ್ಲ. ಬಳ್ಳಿಗಳನ್ನು ‘ಕ್ಲೀನ್’ ಮಾಡುವ ಉತ್ಸಾಹವನ್ನೂ ತಡೆಯಬೇಕು, ಎರಡು ಮರಗಳಿಗೆ ಹಬ್ಬಿದ ಒಂದು ಗಟ್ಟಿ ಬಳ್ಳಿ ನಮ್ಮ ಯಾವ ಹಗ್ಗಕ್ಕಿಂತಲೂ ಮೇಲು.

ಇನ್ನು ಹಗ್ಗದ ಸೇತುವೆ. ಜಾವಾದಲ್ಲಿ ಇದರ ಸಂಬಂಧಿ ಸ್ಲೋ ಲೋರಿಸ್‌ಗಳು ಹೊಲಕ್ಕೆ ನೀರು ಒಯ್ಯುವ ಪೈಪುಗಳ ಮೇಲೆ ಓಡಾಡುವುದು ದಾಖಲಾಗಿದೆ, ಆದ್ದರಿಂದ ಕೃತಕ ದಾರಿ ಈ ಬಳಗಕ್ಕೆ ಒಗ್ಗದ ವಿಷಯವಲ್ಲ. ನಾಲ್ಕು ಮೀಟರ್ ಒಳಗಿನ ಕಂಡಿಗೆ ಗಟ್ಟಿ ಬಿದಿರಿನ ಗಳವೇ ಸಾಕು: ಒಂದು ತುದಿ ಕಟ್ಟಿ, ಇನ್ನೊಂದನ್ನು ಕವಲಿನಲ್ಲಿ ಸಡಿಲವಾಗಿ ಕೂರಿಸಬೇಕು. ಎರಡೂ ತುದಿ ಬಿಗಿದರೆ ಗಾಳಿಗೆ ಮರಗಳು ತೂಗುವಾಗ ಗಳ ಸೀಳುತ್ತದೆ. ಅದಕ್ಕಿಂತ ಉದ್ದಕ್ಕೆ 20 ಮಿ.ಮೀ. ಪಾಲಿಯೆಸ್ಟರ್ ಹಗ್ಗ ಎರಡು ಎಳೆ, ಅರ್ಧ ಮೀಟರಿಗೊಂದು ಬಿದಿರಿನ ಅಡ್ಡಪಟ್ಟಿ, ಮೇಲೆ ತೆಂಗಿನ ನಾರಿನ ಹುರಿ ಸುತ್ತು. ನಾರಿನ ಹಗ್ಗವೊಂದೇ ಆದರೆ ಮಳೆಗೆ ಕೊಳೆಯುತ್ತದೆ; ಅಂಗಡಿಯ ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ, ನುಣುಪು ಬೇರೆ. ಕಾಗೆಗಳು ಗೂಡಿಗೆಂದು ನಾರು ಕೀಳುತ್ತವೆ, ಅಳಿಲು ಕಡಿಯುತ್ತದೆ. ಆಗಾಗ ಹೊಸದಾಗಿ ಸುತ್ತಲೇಬೇಕು.

ಹಗ್ಗವನ್ನು ಕಾಂಡಕ್ಕೆ ನೇರ ಬಿಗಿದರೆ ಕಾಂಡ ದಪ್ಪವಾದಂತೆ ತೊಗಟೆಯನ್ನು ಕತ್ತರಿಸುತ್ತದೆ. ಲಾರಿ ಟ್ಯೂಬಿನ ಅಗಲ ಪಟ್ಟಿ, ಅದರ ಮೇಲೆ ಮರದ ತುಂಡುಗಳು, ಆಮೇಲೆ ಹಗ್ಗ. ವರ್ಷಕ್ಕೊಮ್ಮೆ ಸಡಿಲಿಸಬೇಕು. ಒಂದು ತುದಿ ಕಪ್ಪಿ ಮೇಲೆ ಹಾದು ಭಾರಕ್ಕೆ ಕಟ್ಟಿದ್ದರೆ ಗಾಳಿಯ ಜಗ್ಗಾಟ ತಾನೇ ಸರಿದೂಗುತ್ತದೆ. ಬಹಳ ಜನ ಬಿಡುವ ಅಂಶ ಇನ್ನೊಂದು: ಹಗ್ಗ ಕಾಂಡದಲ್ಲಿ ಮುಗಿಯಬಾರದು. ದಪ್ಪ ಕಾಂಡ ಇದರ ಪುಟ್ಟ ಕೈಗೆ ಹಿಡಿತ ಕೊಡುವುದಿಲ್ಲ. ಹಗ್ಗವನ್ನು ಎರಡು ಮೀಟರ್ ಒಳಕ್ಕೆ ಎಳೆದು ಬೆರಳ ಗಾತ್ರದ ರೆಂಬೆಗಳ ನಡುವೆ ಬಿಡಬೇಕು. ವಾಹನದ ದಾರಿಯಾದರೆ ಜೋಲಿನ ತಳ ನೆಲದಿಂದ ಆರು ಮೀಟರ್ ಮೇಲಿರಲಿ. ಕರೆಂಟ್ ತಂತಿ ಹಾದುಹೋಗುವ ಕಡೆ ಕಟ್ಟಲೇಬಾರದು, ಲೋಹದ ತಂತಿ ಎಲ್ಲಿಯೂ ಬೇಡ. ಹತ್ತುವ ಮುನ್ನ ಆ ಮರದಲ್ಲಿ ಹಕ್ಕಿಗೂಡಿದೆಯೇ, ಗೋಜಲು ರೆಂಬೆಗಳಲ್ಲಿ ಕಾಡುಪಾಪ ಮುದುಡಿ ಮಲಗಿದೆಯೇ ಎಂದು ನೋಡಬೇಕು. ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯ ಪ್ರಾಣಿ, ಮುಟ್ಟುವಂತಿಲ್ಲ. ಹಗ್ಗ, ಕ್ಯಾಮೆರಾ ಎರಡಕ್ಕೂ ಜಾಗದ ಒಡೆಯರ ಮತ್ತು ಅರಣ್ಯ ಇಲಾಖೆಯ ಒಪ್ಪಿಗೆ ಮೊದಲು.

ಕಾಡುಪಾಪ ಹಗ್ಗವನ್ನು ಬಳಸುತ್ತಿದೆಯೇ ಎಂದು ತಿಳಿಯಲು ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಬಂದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ. ದೇಹ ಚಿಕ್ಕದು, ನಡಿಗೆ ನಿಧಾನ. ಶಾಖಕ್ಕೆ ಎಚ್ಚರಗೊಳ್ಳುವ ಸೆನ್ಸರ್ ದೂರದಿಂದ ಇದನ್ನು ಗುರುತಿಸದು. ಹಗ್ಗದ ತುದಿಯಿಂದ ಒಂದೂವರೆ ಮೀಟರ್ ಒಳಗೆ, ಹಗ್ಗದ ಉದ್ದಕ್ಕೆ ನೋಡುವಂತೆ ಕೂರಿಸಿ, ಎದುರಿನ ಎಲೆ ಸವರುತ್ತೇವೆ. ಇಲ್ಲದಿದ್ದರೆ ಕಾರ್ಡ್ ತುಂಬ ತೂಗಾಡುವ ಎಲೆಯ ಚಿತ್ರಗಳೇ. ಸಿಕ್ಕ ಚಿತ್ರವನ್ನು ಹಂಚುವಾಗ ಜಾಗದ ಹೆಸರು ಹಾಕುವುದಿಲ್ಲ: ವಾಮಾಚಾರಕ್ಕೆಂದು ಕಾಡುಪಾಪ ಹಿಡಿಯುವವರು ಈ ಊರಿನ ಸುತ್ತಲೂ ಇದ್ದಾರೆ.

ಹಗ್ಗ ಕಟ್ಟಿದ ಮಳೆಗಾಲದಲ್ಲೇ ಅದರ ಕೆಳಗೆ ಗಿಡ. ಹೊಂಗೆ, ನೇರಳೆ, ಅತ್ತಿ. ಎರಡಡಿ ಉದ್ದ, ಅಗಲ, ಆಳದ ಗುಂಡಿ, ಸಾಲುಮರಕ್ಕೆ ಬಿಡುವಷ್ಟು ಅಂತರ ಬೇಡ, ನಾಲ್ಕು ಮೀಟರಿಗೊಂದು. ಉದ್ಯಾನದ ಕಂಬದಂಥ ಅಶೋಕ, ಪಾಮ್ ಬೇಡ. ಅವುಗಳ ರೆಂಬೆ ಅಡ್ಡಕ್ಕೆ ಚಾಚುವುದಿಲ್ಲ. ಎರಡು ಬೇಸಿಗೆ ವಾರಕ್ಕೆರಡು ಬಾರಿ ಒಂದೊಂದು ಕೊಡ ನೀರು. ಕೆಳಗಿನ ಅಡ್ಡ ಕೊಂಬೆಗಳನ್ನು ಮಾಲಿಗಳು ಅಭ್ಯಾಸಬಲದಿಂದ ಸವರುತ್ತಾರೆ, ಅದನ್ನು ಹೇಳಿ ನಿಲ್ಲಿಸಬೇಕು. ರೆಂಬೆಗಳು ತಾಗಿದವೆಂದು ಹಗ್ಗವನ್ನು ಕೂಡಲೇ ಬಿಚ್ಚುವುದೂ ಇಲ್ಲ: ಮಳೆನೀರಿನ ಭಾರಕ್ಕೆ ರೆಂಬೆ ಬಾಗಿ ಕಂಡಿ ಮತ್ತೆ ತೆರೆಯುತ್ತದೆ, ಹಾಗಾಗಿ ಒಂದು ಪೂರ್ತಿ ಮಳೆಗಾಲ ನೋಡಿದ ಮೇಲೆ ಆ ಹಗ್ಗ ಮುಂದಿನ ಕಂಡಿಗೆ ಹೋಗುತ್ತದೆ.